ಟೈಲರ್ ಮಾಸ್ಟ್ರ ಚುಕ್ಕಾಣಿ

ಆ ಭಾನುವಾರ ಬೆಳಿಗ್ಗೆ ಟೈಲರ್ ಮಾಸ್ಟ್ರ ದೋಣಿ ಎಡಕ್ಕೆ ತಿರುಗದೇ ಇದ್ದಿದ್ದರೆ ಅವರ ಫೋನು ಕೆರೆಯ ಪಾಲಾಗುತ್ತಿರಲಿಲ್ಲ, ಗಂಟಲು ಕೂರುತ್ತಿರಲಿಲ್ಲ, ಮಧ್ಯಾಹ್ನದ ಊಟ ಮಧ್ಯಾಹ್ನಕ್ಕೇ ಆಗುತ್ತಿತ್ತು. ಆದರೆ ದೋಣಿ ತಿರುಗಿತು. ಮಾಸ್ಟ್ರು ಹೋಗಬೇಕಿದ್ದದ್ದು ನೆಟ್ಟಗೆ ಎದುರು ದಡಕ್ಕೆ. ದೋಣಿಗೆ ಮನಸ್ಸಿದ್ದದ್ದು ಎಡಗಡೆಯ ಜೊಂಡಿನ ಮೇಲೆ.

ದಿನವಿಡೀ ಊರವರ ಎದೆ, ಸೊಂಟ, ತೋಳು ಅಳೆಯುವ ಮಾಸ್ಟ್ರಿಗೆ, ಸಂಜೆ ಮನೆಯ ಮುಂಭಾಗದ ಅಂಗಡಿಯ ಬಾಗಿಲು ಹಾಕಿದ ಮೇಲೆ ಮಾತಿಗೆ ಸಿಗುತ್ತಿದ್ದದ್ದು ಹೊಲಿಗೆ ಮಷೀನು ಒಂದೇ. ಅದೂ ತುಳಿದರೆ ಮಾತ್ರ ಮಾತಾಡುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವರು ಒಂದೇ ತಟ್ಟೆ ತೊಳೆದು, ಅದೊಂದನ್ನೇ ಬೋರಲು ಹಾಕಿ, ದೀಪ ಆರಿಸಿ ಮಲಗುತ್ತಿದ್ದರು. ವರ್ಗವಾಗಿ ಹೋದ ಗಿರಾಕಿಯೊಬ್ಬರು ತಮ್ಮ ಪುಟ್ಟ ದೋಣಿಯನ್ನು ಇವರ ಹಿತ್ತಲ ದಡದಲ್ಲಿ ಬಿಟ್ಟು, "ಇಟ್ಕೊಳ್ಳಿ ಮಾಸ್ಟ್ರೇ, ಕಾಲ ಕಳೆಯುತ್ತೆ" ಎಂದಿದ್ದರು. ಮಾಸ್ಟ್ರು ಉಳಿದ ಪರದೆ ಬಟ್ಟೆಯಲ್ಲಿ ಅದಕ್ಕೊಂದು ಹಾಯಿ ಹೊಲಿದರು. ಹೊಲಿದದ್ದೇ ಬಂತು, ದೋಣಿ ದಡ ಬಿಟ್ಟು ದೂರ ಹೋಗಿರಲಿಲ್ಲ.

ಹಾಗಿರುವಾಗ ಕೆರೆಯಾಚೆ ಔಷಧಿ ಅಂಗಡಿ ಇಟ್ಟಿರುವ ಮೇಡಂ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಮಾಸ್ಟ್ರು ಒಂದೇ ತೋಳನ್ನು ಮೂರು ಸಲ ಅಳೆದರು.

"ದೋಣಿ ಇಟ್ಟಿದ್ದೀರಂತೆ?" ಎಂದರು ಮೇಡಂ. "ಭಾನುವಾರ ಅದರಲ್ಲೇ ಬನ್ನಿ, ನಮ್ಮಲ್ಲೇ ಊಟ ಮಾಡಿ. ನಾನೂ ಒಬ್ಬಳೇ."

"ಅದಕ್ಕೇನಂತೆ, ಬಂದೇಬಿಡ್ತೀನಿ" ಎಂದರು ಮಾಸ್ಟ್ರು, ಹುಟ್ಟಿದಾಗಿನಿಂದ ಹಡಗು ನಡೆಸುತ್ತಿದ್ದವರ ಹಾಗೆ.

ಹೀಗೆ ಹೊರಟ ದೋಣಿ ಈಗ ಜೊಂಡಿನಲ್ಲಿ ಮೂತಿ ತೂರಿಸಿಕೊಂಡು ನಿಂತಿತ್ತು. ಹಿಂಬದಿಗೆ ಕೀಲಿನಲ್ಲಿ ನೇತುಹಾಕಿದ್ದ ಚುಕ್ಕಾಣಿಗೆ ಏನಾಯಿತೆಂದು ಮಾಸ್ಟ್ರು ಬಗ್ಗಿ ನೋಡಿದರು. ಶರ್ಟಿನ ಜೇಬೂ ಬಗ್ಗಿತು. ಫೋನು ಒಂದೇ ಒಂದು ಗುಳ್ಳೆ ಬಿಟ್ಟು ಮುಳುಗಿತು.

ದಡದಲ್ಲಿ ಆಗಲೇ ಜನ ಸೇರಿದ್ದರು. ಜನ ಎಂದರೆ ಮೂವರು. ಅಂಗಡಿಗಳ ಬೋರ್ಡು ಬರೆಯುವ ಪೇಂಟರ್, ಬಸ್ಸು ಬಿಟ್ಟು ನಿವೃತ್ತರಾದ ಡ್ರೈವರ್, ಮತ್ತೆ ಪಕ್ಕದ ಮನೆಯ ಅಕ್ಕ. ಊಟದ ವಿಷಯ ಮಾಸ್ಟ್ರು ಯಾರಿಗೂ ಹೇಳಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಹೊಸ ಶರ್ಟು ಬೀದಿಗೆಲ್ಲ ಹೇಳಿಬಿಟ್ಟಿತ್ತು.

"ಚುಕ್ಕಾಣಿ ಸಣ್ಣದಾಯ್ತು ಮಾಸ್ಟ್ರೇ" ಎಂದ ಪೇಂಟರ್. "ಎಮ್ಮೆಯಂಥ ದೋಣಿಗೆ ಇಲಿ ಬಾಲ ಇದ್ದಂಗಿದೆ. ಅಗಲ ಇರಬೇಕು, ಮೀನಿನ ಬಾಲದ ಥರ. ನನ್ನ ಹತ್ರ ಹಳೇ ಬೋರ್ಡಿದೆ, ಕೊಯ್ದುಬಿಡೋಣ."

ಕೊಯ್ದರು. ಹೊಸ ಚುಕ್ಕಾಣಿ ಕಿಟಕಿಯ ಬಾಗಿಲಿನಷ್ಟು ಅಗಲವಾಗಿತ್ತು. ಬೋರ್ಡಿನ ಮೇಲಿದ್ದ 'ಇಂದು ರಜೆ' ಎಂಬ ಅಕ್ಷರ ಹಾಗೇ ಉಳಿದಿತ್ತು.

ಮಾಸ್ಟ್ರು ಮತ್ತೆ ಹೊರಟರು. ಗಾಳಿ ಕೆರೆಯುದ್ದಕ್ಕೆ ಹಿತವಾಗಿ ಬೀಸುತ್ತಿತ್ತು, ಹಾಯಿ ಉಬ್ಬಿತು, ದೋಣಿ ಎಡಕ್ಕೆ ಮುಖ ಮಾಡಿತು. ಮಾಸ್ಟ್ರು ಚುಕ್ಕಾಣಿಯ ಹಿಡಿ ಎಳೆದರು. ಬರಲಿಲ್ಲ. ಅಷ್ಟಗಲದ ಹಲಗೆಯ ಮೇಲೆ ಕೆರೆಯ ನೀರೆಲ್ಲ ಒರಗಿ ಕುಳಿತಂತಿತ್ತು. ಎರಡೂ ಕೈ ಹಾಕಿದರು, ಕಾಲು ಕೊಟ್ಟು ತಳ್ಳಿದರು. ಕೊನೆಗೊಮ್ಮೆ ಅದು ಬಂದಾಗ ಪೂರ್ತಿ ಬಂತು. ಅಡ್ಡ ನಿಂತ ಹಲಗೆ ದೋಣಿಯನ್ನು ಬ್ರೇಕು ಹಾಕಿದಂತೆ ಹಿಡಿದು ನಿಲ್ಲಿಸಿತು. ದೋಣಿ ನಿಂತಿತು, ಮಾಸ್ಟ್ರು ನಿಲ್ಲಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಎದ್ದು ನಿಂತು ಕಣ್ಣೊರೆಸಿಕೊಂಡಾಗ ಎದುರಿಗೆ ಕಂಡದ್ದು 'ಇಂದು ರಜೆ'.

"ನಾನು ಆಗ್ಲೇ ಅಂದ್ಕೊಂಡೆ" ಎಂದರು ಡ್ರೈವರ್. ಆಗ ಹೇಳದೇ ಈಗ ಹೇಳುವುದು ಅವರ ಅಭ್ಯಾಸ. "ಹಲಗೆ ಪೂರ್ತಿ ಕೀಲಿನ ಹಿಂದೇನೇ ಇದ್ರೆ ನೀರು ಅದನ್ನ ವಾಪಸ್ ತಳ್ತಾನೇ ಇರುತ್ತೆ. ಒಂದಷ್ಟು ಭಾಗ ಕೀಲಿನ ಮುಂದಕ್ಕೂ ಬರಬೇಕು. ಆಗ ಹಿಂದಿನ ಭಾರ, ಮುಂದಿನ ಭಾರ ಸಮ ಆಗಿ ಒಂದು ಬೆರಳಲ್ಲಿ ಸ್ಟೇರಿಂಗ್ ತಿರುಗುತ್ತೆ. ಅಗಲ ಬೇಡ. ಆಳ ಬೇಕು."

ಎರಡನೆಯ ಚುಕ್ಕಾಣಿಯನ್ನು ಉದ್ದಕ್ಕೆ ಕೊಯ್ದು, ಅರ್ಧ ಕೀಲಿನ ಹಿಂದೆ, ಅರ್ಧ ಮುಂದೆ ಬರುವಂತೆ ಕೂರಿಸಿದರು. ಡ್ರೈವರ್ ಹೇಳಿದ್ದು ನಿಜವಾಯಿತು. ಒಂದು ಬೆರಳಲ್ಲಿ ತಿರುಗಿತು. ಬೆರಳಿಲ್ಲದೆಯೂ ತಿರುಗಿತು. ಒದ್ದೆಯಾಗಿದ್ದ ಮಾಸ್ಟ್ರು ಸೀನಿದರು, ದೋಣಿ ಬಲಕ್ಕೆ ಹೊರಳಿತು. ಇನ್ನೊಮ್ಮೆ ಸೀನಿದರು, ಗಿರ್ರನೆ ಪೂರ್ತಿ ಸುತ್ತಿ ಹೊರಟಲ್ಲಿಗೇ ಮುಖ ಮಾಡಿತು. ಆಮೇಲೆ ಆಳದ ಹಲಗೆ ದಡದ ಹತ್ತಿರದ ಕೆಸರಿನಲ್ಲಿ ನೆಟ್ಟುಕೊಂಡು, ದೋಣಿ ಗೂಟಕ್ಕೆ ಕಟ್ಟಿದ ಹಸುವಿನಂತೆ ನಿಂತುಬಿಟ್ಟಿತು.

ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಎದುರು ದಡದಲ್ಲಿ ಯಾರೋ ಬಂದು ನಿಂತಿದ್ದು ಚುಕ್ಕೆಯ ಹಾಗೆ ಕಂಡಿತು. ಮಾಸ್ಟ್ರು ಕೈ ಬೀಸಿದರು. ಚುಕ್ಕೆ ಒಳಗೆ ಹೋಯಿತು.

ಮಾಸ್ಟ್ರು ಯಾರನ್ನೂ ಕೇಳದೆ ಅಂಗಡಿಗೆ ಹೋಗಿ ಕಂದು ಕಾಗದ, ಗುರುತು ಹಾಕುವ ಸೀಮೆಸುಣ್ಣ, ಅಳತೆ ಟೇಪು ತಂದರು. ಹಿತ್ತಲಲ್ಲಿ ಕಾಗದ ಹಾಸಿ, ಶರ್ಟಿನ ತೋಳು ಕತ್ತರಿಸುವವರಂತೆ ಒಂದು ಗೆರೆ ಎಳೆದರು.

"ಅಗಲ ಕಮ್ಮಿ, ಉದ್ದ ಜಾಸ್ತಿ" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. "ಆದ್ರೆ ಕೆಸರು ಮುಟ್ಟಬಾರದು, ಹಾಗಾಗಿ ತುದಿ ಇಷ್ಟಕ್ಕೇ. ಕೀಲಿನ ಮುಂದೆ ಎರಡೇ ಬೆರಳು. ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು ತೆಳ್ಳಗೆ. ನೀರು ಜಾರಿಕೊಂಡು ಹೋಗ್ಬೇಕು."

ಪೇಂಟರ್ ಗರಗಸ ಹಿಡಿದ, ಡ್ರೈವರ್ ಅಂಚು ಉಜ್ಜಿದರು, ಅಕ್ಕ ಒಳಗೆ ಹೋಗಿ ಟೀ ಮಾಡಿದರು. ಗೂಡಿನಿಂದ ತೆಗೆದ ಲೋಟಗಳಲ್ಲಿ ಒಂದು ಸೀಳಿತ್ತು. ಹೊರಗೆ ಬಂದು ಅಕ್ಕ, "ಇದು ಯಾವಾಗ ಸೀಳ್ತು?" ಎಂದು ಕೇಳಿದರು. ಮಾಸ್ಟ್ರಿಗೆ ಗೊತ್ತಿರಲಿಲ್ಲ. ತಮ್ಮದೊಂದನ್ನು ಬಿಟ್ಟು ಉಳಿದ ಲೋಟಗಳನ್ನು ಅವರು ಮುಟ್ಟಿಯೇ ಇರಲಿಲ್ಲ. ಹಿತ್ತಲಲ್ಲಿ ನಾಲ್ಕು ಜನ ಟೀ ಹೀರುವ ಸದ್ದು ಕೇಳುತ್ತ ಕುಳಿತ ಮಾಸ್ಟ್ರಿಗೆ, ಈ ಚುಕ್ಕಾಣಿ ಇನ್ನೂ ಸ್ವಲ್ಪ ಕೆಟ್ಟರೂ ಪರವಾಗಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು.

ಮೂರನೆಯ ಚುಕ್ಕಾಣಿ ಮೈಗೆ ಹೊಲಿದ ಹಾಗೆ ಕುಳಿತಿತು. ಎಳೆದರೆ ಬಂತು, ಬಿಟ್ಟರೆ ತಾನಾಗಿ ನೆಟ್ಟಗಾಯಿತು. ಆದರೆ ದೋಣಿ ಮಾತ್ರ, ಹಟಮಾರಿ ಮಗುವಿನ ಹಾಗೆ, ಮೆಲ್ಲಗೆ ಎಡಕ್ಕೇ ತಿರುಗತೊಡಗಿತು.

"ಮಾಸ್ಟ್ರೇ, ಒಂದು ಮಾತು" ಎಂದು ದಡದಿಂದ ಅಕ್ಕ ಕೂಗಿದರು. "ನೀವ್ಯಾಕೆ ಬಲಗಡೆ ಅಂಚಿಗೆ ಅಂಟ್ಕೊಂಡು ಕೂತಿದ್ದೀರಿ?"

ಮಾಸ್ಟ್ರು ತಮ್ಮನ್ನು ತಾವು ನೋಡಿಕೊಂಡರು. ನಿಜ. ಅಡ್ಡಹಲಗೆಯ ಬಲತುದಿಯಲ್ಲಿ ಕೂತಿದ್ದರು. ಎಡಗಡೆ ಇನ್ನೊಬ್ಬರು ಹಾಯಾಗಿ ಕೂರುವಷ್ಟು ಜಾಗ ಖಾಲಿ ಇತ್ತು.

"ತುಂಬಿದ ಬಕೆಟ್ ಒಂದೇ ಕೈಲಿ ಹಿಡ್ಕೊಂಡು ನಡೆದ್ರೆ ನೆಟ್ಟಗೆ ನಡೆಯೋಕಾಗುತ್ತಾ?" ಎಂದರು ಅಕ್ಕ. "ದೋಣಿ ಬಲಕ್ಕೆ ವಾಲಿದೆ, ಅದಕ್ಕೇ ಎಡಕ್ಕೆ ತಿರುಗ್ತಿದೆ. ಮಧ್ಯಕ್ಕೆ ಸರೀರಿ!"

ಮಾಸ್ಟ್ರು ಮಧ್ಯಕ್ಕೆ ಸರಿದರು. ದೋಣಿ ನೆಟ್ಟಗಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಎಡಕ್ಕೆಳೆಯಿತು. ನೋಡಿಕೊಂಡರೆ ತಮಗೇ ಗೊತ್ತಿಲ್ಲದೆ ಮತ್ತೆ ಬಲತುದಿಗೆ ಬಂದಿದ್ದರು. ಮಂಚದಲ್ಲಿ, ಬಸ್ಸಿನಲ್ಲಿ, ಮನೆ ಮುಂದಿನ ಕಟ್ಟೆಯ ಮೇಲೆ, ಎಡಕ್ಕೆ ಹೆಂಡತಿಗೆ ಜಾಗ ಬಿಟ್ಟು ಎಷ್ಟೋ ವರ್ಷ ಹಾಗೇ ಕೂತ ಮೈ ಅದು. ಅಕ್ಕನಿಗೆ ಅದು ಅರ್ಥವಾಯಿತೋ ಏನೋ.

"ದಡಕ್ಕೆ ಬನ್ನಿ ಮಾಸ್ಟ್ರೇ" ಎಂದರಷ್ಟೇ. "ಒದ್ದೆ ಬಟ್ಟೇಲಿ ಊಟಕ್ಕೆ ಹೋಗ್ತೀರಾ? ಹೋಗಿ ಬದಲಾಯಿಸ್ಕೊಳ್ಳಿ. ಅಷ್ಟರಲ್ಲಿ ಇವ್ರು ಒಂದು ಟ್ರಯಲ್ ನೋಡ್ತಾರೆ."

ಮಾಸ್ಟ್ರು ಒಣ ಶರ್ಟು ಹುಡುಕಿ, ತಲೆ ಬಾಚಿ, ಕನ್ನಡಿಯಲ್ಲಿ ಕಾಲರು ಸರಿಮಾಡಿಕೊಂಡು ಹೊರಬಂದರು. ದಡದಲ್ಲಿ ಯಾರೂ ಇರಲಿಲ್ಲ. ಕೆರೆಯ ನಡುವೆ ಪರದೆ ಬಟ್ಟೆಯ ಹಾಯಿ ಹೊಟ್ಟೆ ಉಬ್ಬಿಸಿಕೊಂಡು, ಗೆರೆ ಎಳೆದಂತೆ ನೆಟ್ಟಗೆ ಎದುರು ದಡಕ್ಕೆ ಹೋಗುತ್ತಿತ್ತು. ಎಡಕ್ಕೆ ಪೇಂಟರ್, ಬಲಕ್ಕೆ ಅಕ್ಕ, ಚುಕ್ಕಾಣಿಯಲ್ಲಿ ಡ್ರೈವರ್. ಅಂಥಾ ಅಚ್ಚುಕಟ್ಟಾಗಿ ಓಡುವ ದೋಣಿಯನ್ನು ಅರ್ಧದಲ್ಲಿ ಹಿಂದಕ್ಕೆ ತಿರುಗಿಸಲು ಯಾವ ಡ್ರೈವರಿಗೆ ತಾನೇ ಮನಸ್ಸು ಬಂದೀತು?

"ನನ್ನನ್ನ ಬಿಟ್ಟು ಹೋಗ್ತಿದ್ದೀರಲ್ರೀ!" ಎಂದು ಮಾಸ್ಟ್ರು ಕೂಗಿದರು. ಬೆಳಗಿನಿಂದ ನೆಂದ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲಿನ ಸದ್ದು ಬಂತು. ಇನ್ನೊಮ್ಮೆ ಕೂಗಿದಾಗ ಅದೂ ಬರಲಿಲ್ಲ.

ದೋಣಿ ದಡ ಮುಟ್ಟಿತು. ಚುಕ್ಕೆ ಮನೆಯಿಂದ ಹೊರಬಂತು. ಈಗ ನಾಲ್ಕು ಚುಕ್ಕೆಗಳಾದವು, ನಾಲ್ಕೂ ಒಳಗೆ ಹೋದವು.

ತಾವಿಲ್ಲದೆ ತಮ್ಮ ಊಟ ನಡೆಯುವುದನ್ನು ದಡದಲ್ಲಿ ಕೂತು ನೋಡುವುದು ಮಾಸ್ಟ್ರಿಂದ ಆಗಲಿಲ್ಲ. ಕೆರೆ ಸುತ್ತಿ ಹೋಗುವ ಬಸ್ಸು ರಸ್ತೆಯ ತಿರುವಿನಲ್ಲಿ ಹಾರ್ನ್ ಹೊಡೆಯಿತು. ಬಾಗಿಲು ಹಾಕುವುದನ್ನೂ ಮರೆತು ಓಡಿ ಹತ್ತಿದರು. ಬಸ್ಸು ಪ್ರತಿ ಮನೆಯ ಮುಂದೂ ನಿಂತು ಕ್ಷೇಮ ಕೇಳುವಂತೆ ಸಾಗಿತು. ಮಾಸ್ಟ್ರು ಇಳಿಯುವಾಗ ಬಿಸಿಲು ಕೆಂಪಾಗಿತ್ತು. "ವಾಪಸ್ ಹೋಗೋರು ಇದ್ರೆ ಇದರಲ್ಲೇ ಕೂತ್ಕೊಳ್ಳಿ, ಇವತ್ತಿಗೆ ಇದೇ ಕಡೇ ಬಸ್ಸು" ಎಂದು ಕಂಡಕ್ಟರ್ ಹೇಳಿದ. ಮಾಸ್ಟ್ರು ನಕ್ಕು, ಬೇಡವೆಂದು ಕೈಯಾಡಿಸಿದರು. ಬಂದದ್ದೇ ಈಗ, ವಾಪಸ್ ಹೋಗುವ ಮಾತೇಕೆ?

ಮೇಡಂ ಮನೆಯ ಬಾಗಿಲಿಗೆ ಬೀಗ ಹಾಕಿತ್ತು. ಪಕ್ಕದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಅಜ್ಜ ತಲೆ ಎತ್ತಿದರು.

"ಮೇಡಮ್ಮೋರಾ? ಆಗ್ಲೇ ದೋಣೀಲಿ ಹೋದ್ರಲ್ಲ. ಆಚೆ ದಡದಲ್ಲಿ ಯಾರೋ ಟೈಲರಂತೆ. ಬೆಳಗಿಂದ ಊಟಾನೂ ಇಲ್ದೆ ಒದ್ದಾಡ್ತಿದ್ದಾರಂತೆ. ಅವರಿಗೇ ಅಂತ ಊಟ ಕಟ್ಕೊಂಡು, ನಾನೇ ಹೋಗಿ ಬಡಿಸ್ತೀನಿ ಅಂತ ಹೊರಟೇಬಿಟ್ರು. ಎಂಥಾ ಪುಣ್ಯವಂತನೋ ಅವನು! ಅಂದಹಾಗೆ ನೀವ್ಯಾರು?"

ಮಾಸ್ಟ್ರು ಬಾಯಿ ತೆರೆದರು. ಗಾಳಿ ಮಾತ್ರ ಹೊರಬಂತು. ಅಜ್ಜ ತಮ್ಮ ಫೋನು ಮುಂದೆ ಹಿಡಿದರು, "ಯಾರಿಗಾದ್ರೂ ಮಾಡ್ಬೇಕಾ?" ಎಂದರು. ಮಾಸ್ಟ್ರಿಗೆ ಗೊತ್ತಿದ್ದ ನಂಬರುಗಳೆಲ್ಲ ಕೆರೆಯ ತಳದಲ್ಲಿದ್ದವು. ಅಜ್ಜ ಸ್ವಲ್ಪ ಹೊತ್ತು ಕಾದು, ಪಾಪ ಅಂದುಕೊಂಡು ಒಳಗೆ ಹೋದರು.

ಮಾಸ್ಟ್ರು ದಡಕ್ಕೆ ಬಂದು ನಿಂತರು. ಆಚೆ ದಡದಲ್ಲಿ ಅವರ ಮನೆಯ ಬಾಗಿಲು ಹಾರುಹೊಡೆದಿತ್ತು. ಮುಂಜಾವಿನಿಂದ ಸಂಜೆವರೆಗೂ ಆ ಮನೆಯೊಳಗೇ ಇರುತ್ತಿದ್ದ ಅವರು ಅದನ್ನು ಇಷ್ಟು ದೂರದಿಂದ ಎಂದೂ ನೋಡಿರಲಿಲ್ಲ. ನೋಡುತ್ತಿದ್ದಂತೆ ದೀಪ ಹತ್ತಿತು. ಆಮೇಲೆ ಅಡುಗೆಮನೆಯದೂ ಹತ್ತಿತು. ಕಿಟಕಿಯಲ್ಲಿ ನೆರಳುಗಳು ಅತ್ತಿತ್ತ ಓಡಾಡಿದವು, ಯಾರೋ ಮೇಜು ಎಳೆದರು, ಯಾರೋ ನಕ್ಕರು. ನೀರಿನ ಮೇಲೆ ಜಾರಿಬಂದ ಆ ನಗು ಹೊಸದಾಗಿ ಕೇಳಿದಂತಿತ್ತು. ಆ ಮನೆಯಲ್ಲಿ ಅಷ್ಟು ಬೆಳಕು, ಅಷ್ಟು ಜನ ಇದ್ದು ಎಷ್ಟು ಕಾಲವಾಗಿತ್ತೋ! ಈಗ ಇದ್ದರು, ತಾವೊಬ್ಬರು ಬಿಟ್ಟು.

ಮಾಸ್ಟ್ರು ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸಿದರು. ಕಿಟಕಿಯಲ್ಲಿ ನಿಂತ ಮೇಡಂ ಅದನ್ನು ನೋಡಿ, ದೂರದ ಅಪರಿಚಿತರಿಗೆ ಮರ್ಯಾದೆಗೆ ಬೀಸುವ ಹಾಗೆ, ಕೈ ಬೀಸಿದರು. ಡ್ರೈವರ್ ಹೊರಗೋಡಿ ಬಂದು, ಅಂಗೈಗಳನ್ನು ಬಾಯಿಗೆ ಹಿಡಿದು, ಕೆರೆಯೆಲ್ಲ ಮೊಳಗುವಂತೆ ಕೂಗಿದರು:

"ಸ್ವಾಮೀ, ಆ ದಡದಲ್ಲಿ ನಿಂತಿರೋರೇ! ನಮ್ಮ ಟೈಲರ್ ಮಾಸ್ಟ್ರನ್ನ ಎಲ್ಲಾದ್ರೂ ಕಂಡ್ರಾ?"