ಏಳು ಸೆಕೆಂಡು, ಒಂದು ಹಿಮ್ಮಡಿ

ಹೆಂಡತಿ: ಮೊದಲು ಆ ಪೆನ್ನು ಕೆಳಗಿಡಿ. ಹಿಮ್ಮಡಿ ಯಾರದು, ಅಷ್ಟು ಹೇಳಿ ಸಾಕು.

ತಕ್ಕಡಿಯವರು: ವರದಿ ಬರೀತಾ ಇದೀನಿ ಕಣೇ. ಮಧ್ಯೆ ಬಾಯಿ ಹಾಕಬೇಡ, ದಿನಾಂಕ ತಪ್ಪಿಹೋಗುತ್ತೆ.

ಹೆಂಡತಿ: ನಿಮ್ಮ ದಿನಾಂಕ ಯಾವತ್ತು ತಪ್ಪಿದೆ? ತಪ್ಪಿರೋದು ಅಂಕ.

ತಕ್ಕಡಿಯವರು: ಮೆಲ್ಲಗೆ ಮಾತಾಡು. ಮಗು ಮಲಗಿದಾಳೆ.

ಹೆಂಡತಿ: ಮಲಗಿಲ್ಲ, ಬಾಗಿಲು ಹಾಕ್ಕೊಂಡಿದಾಳೆ. ಅದು ಬೇರೆ, ಇದು ಬೇರೆ.

ಅಂದು ೨೦೧೫ನೆಯ ಇಸವಿಯ ಮಾರ್ಚ್ ಹದಿನಾರು, ಸೋಮವಾರ; ಬೆಳಗಿನ ಏಳು ಗಂಟೆ ನಲವತ್ತು ನಿಮಿಷ. ಊಟದ ಮೇಜಿನ ಒಂದು ತುದಿಯಲ್ಲಿ ಗಂಡ, ಇನ್ನೊಂದು ತುದಿಯಲ್ಲಿ ಹೆಂಡತಿ, ನಡುವೆ ಆರಿಹೋದ ಎರಡು ಲೋಟ ಕಾಫಿ. ಗಂಡ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ೧೯೯೮ರ ಆಗಸ್ಟ್ ನಾಲ್ಕರಿಂದ ರಜಾದಿನಗಳಲ್ಲಿ ಕುಸ್ತಿ ಪಂದ್ಯಗಳ ನಿರ್ಣಾಯಕರೂ ಆಗಿದ್ದವರು. ಅಂಗಡಿಯ ತೂಕದ ಬಟ್ಟಿನಲ್ಲಾಗಲಿ ಅಖಾಡದ ಅಂಕದಲ್ಲಾಗಲಿ ಗುಲಗಂಜಿಯಷ್ಟು ವ್ಯತ್ಯಾಸ ಸಹಿಸದವರೆಂದು ಎಲ್ಲರೂ ಅವರನ್ನು ತಕ್ಕಡಿಯವರು ಎಂದೇ ಕರೆಯುತ್ತಿದ್ದರು. ಆ ಅಡ್ಡಹೆಸರು ತಮಗೆ ಸೇರದೆಂದು ಅವರು ಹೇಳಿಕೊಳ್ಳುತ್ತಿದ್ದರಾದರೂ ರಸ್ತೆಯಲ್ಲಿ ಯಾರಾದರೂ ಹಾಗೆ ಕೂಗಿದಾಗ ತಿರುಗಿ ನೋಡದೆ ಇದ್ದುದಿಲ್ಲ. ಹೆಂಡತಿ ಹೆಣ್ಣುಮಕ್ಕಳ ಶಾಲೆಯ ಡ್ರಿಲ್ ಟೀಚರು. ಮನೆಯಲ್ಲಿಯೂ ಸ್ಟಾಪ್‌ವಾಚು ಆಕೆಯ ಕೊರಳಿನಿಂದ ಇಳಿಯುತ್ತಿರಲಿಲ್ಲ.

ಹಿಂದಿನ ದಿನ, ಮಾರ್ಚ್ ಹದಿನೈದರ ಭಾನುವಾರ, ಹದಿನೇಳು ವರ್ಷದವರೆಗಿನ ಹುಡುಗಿಯರ ಕುಸ್ತಿಯ ಅಂತಿಮ ಪಂದ್ಯ ನಡೆದಿತ್ತು. ಗೆದ್ದವಳಿಗೆ ರಾಷ್ಟ್ರೀಯ ಕಿರಿಯರ ತಂಡದಲ್ಲಿ ಸ್ಥಾನ. ಇವರ ಒಬ್ಬಳೇ ಮಗಳು ಹುಟ್ಟಿದ್ದು ೧೯೯೮ರ ಜನವರಿ ಎರಡರಂದು. ವಯಸ್ಸನ್ನು ಹುಟ್ಟಿದ ಇಸವಿಯಿಂದ ಎಣಿಸುವುದರಿಂದ ಈ ವಿಭಾಗದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಪಂದ್ಯಕ್ಕೆ ನೇಮಕವಾಗಿದ್ದ ನಿರ್ಣಾಯಕರು ಸಭಾಂಗಣದ ಮೆಟ್ಟಿಲಿನ ಮೇಲೆ ಜಾರಿ ಕಾಲು ಮುರಿದುಕೊಂಡರು. ಸಮಯಪಾಲಕರು ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಅಂದು ಸಭಾಂಗಣದಲ್ಲಿ ಉಳಿದ ಪರವಾನಗಿದಾರರೆಂದರೆ ತಕ್ಕಡಿಯವರೊಬ್ಬರೇ. ಎದುರಾಳಿಯಾದ ಬಸ್ ಡ್ರೈವರರ ಮಗಳ ಪರವಾಗಿ ಅವಳ ತರಬೇತುದಾರರು ಒಪ್ಪಿಗೆಪತ್ರ ಬರೆದು, ತಕ್ಕಡಿಯವರನ್ನು ನಂಬದೆ ಇನ್ನು ಯಾರನ್ನು ನಂಬುವುದು ಎಂದು ಕೆಳಗೆ ಸಹಿ ಹಾಕಿದರು. ಹೀಗೆ ಒಂದೇ ಮನೆಯಿಂದ ಒಂದೇ ಸ್ಕೂಟರಿನಲ್ಲಿ ಬಂದಿದ್ದ ಮೂವರಲ್ಲಿ ಅಪ್ಪ ಸೀಟಿ ಹಿಡಿದು ಅಖಾಡದ ನಡುವೆ, ಅಮ್ಮ ಗಡಿಯಾರ ಹಿಡಿದು ಮೇಜಿನ ಮುಂದೆ, ಮಗಳು ಕೆಂಪು ಉಡುಪಿನಲ್ಲಿ ಚಾಪೆಯ ಮೇಲೆ ನಿಂತರು. ನೀಲಿ ಉಡುಪಿನ ಡ್ರೈವರರ ಮಗಳು ಆರಕ್ಕೆ ನಾಲ್ಕರಂತೆ ಗೆದ್ದಳು.

ಸಂಘದ ಕಾರ್ಯದರ್ಶಿಗಳು ರಾತ್ರಿಯ ಊಟಕ್ಕೆ ಮೊದಲೇ ಫೋನು ಮಾಡಿದ್ದರು. ಸ್ವಂತ ಮಗಳೆಂದೂ ನೋಡದೆ ಎದುರಾಳಿಗೆ ಅಂಕ ಕೊಟ್ಟ ನಿರ್ಣಾಯಕರಿಗೆ ಸಂಘವು ಕ್ರೀಡಾಮನೋಭಾವದ ಪ್ರಶಂಸಾಪತ್ರ ಕೊಡಲಿದೆ. ಬೆಳಗ್ಗೆ ಒಂಬತ್ತೂವರೆಗೆ ತಾವೇ ಬಂದು ಕೊಟ್ಟು, ಪಂದ್ಯದ ವರದಿಯನ್ನು ತೆಗೆದುಕೊಂಡು ಹೋಗುವರು. ತಂಡದ ಪಟ್ಟಿ ಹನ್ನೆರಡಕ್ಕೆ ಅಖೈರಾಗುತ್ತದೆ, ಎಂದಿದ್ದರು. ತಕ್ಕಡಿಯವರು ಪ್ರಶಂಸಾಪತ್ರವನ್ನು ಎಲ್ಲಿ ತೂಗುಹಾಕಬೇಕೆಂದು ಆಗಲೇ ಗೋಡೆಯನ್ನು ಅಳೆದಿದ್ದರು.

ಹೆಂಡತಿ: ಕೊನೇ ಸುತ್ತಲ್ಲಿ, ಇನ್ನು ಅರ್ಧ ನಿಮಿಷ ಇದ್ದಾಗ, ವೃತ್ತದ ಆಚೆ ಹೋಯ್ತಲ್ಲ ಒಂದು ಹಿಮ್ಮಡಿ. ಅದು ಯಾರದು?

ತಕ್ಕಡಿಯವರು: ನಾನು ಕೈ ಎತ್ತಿದ್ದು ನೀಲಿಗೆ.

ಹೆಂಡತಿ: ಕೈ ವಿಚಾರ ಕೇಳಲಿಲ್ಲ ರೀ. ಕಾಲಿನ ವಿಚಾರ ಕೇಳ್ತಿದೀನಿ. ಯಾರ ಕಾಲು ಆಚೆ ಹೋಗುತ್ತೋ ಅವರ ಎದುರಿನವರಿಗೆ ಅಂಕ, ಹೌದೋ ಅಲ್ವೋ?

ತಕ್ಕಡಿಯವರು: ಹೌದು. ಅನುಮಾನ ಬಂದಾಗ ಮನೆಯವರಿಗೆ ಕೊಡಬಾರದು. ಅದು ಧರ್ಮ.

ಹೆಂಡತಿ: ಬಂತಾ ಅನುಮಾನ?

ತಕ್ಕಡಿಯವರು ಕನ್ನಡಕ ತೆಗೆದು ಒರೆಸಿದರು. ಅಂದು ಬೆಳಗ್ಗೆ ಅದು ಆಗಲೇ ನಾಲ್ಕು ಸಲ ಒರೆಸಿಸಿಕೊಂಡಿತ್ತು.

ತಕ್ಕಡಿಯವರು: ಬರಲಿಲ್ಲ.

ಹೆಂಡತಿ: ಯಾರದು ಹಿಮ್ಮಡಿ?

ತಕ್ಕಡಿಯವರು: ಡ್ರೈವರ್ ಮಗಳದ್ದು.

ಹೆಂಡತಿ: ಎಷ್ಟು ಆಚೆ ಹೋಗಿತ್ತು?

ತಕ್ಕಡಿಯವರು: ಎರಡು ಮುಕ್ಕಾಲು ಇಂಚು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.

ತಮ್ಮ ಸಂಕಟವನ್ನು ಅವರು ಸಾವಕಾಶವಾಗಿ ವಿವರಿಸಿದರು. ಮಗಳಿಗಾಗಿ ಕೈ ಎತ್ತಿದಾಗಲೆಲ್ಲ ಮೂರನೆಯ ಸಾಲಿನಿಂದ ಒಬ್ಬ ಮಹಾಶಯ, ಅಪ್ಪನ ಮನೆ ಅಂಗಳ ಕಣ್ರೋ, ಎಂದು ಕೂಗುತ್ತಿದ್ದನಂತೆ. ನಾಲ್ಕನೆಯ ಅಂಕದ ಹೊತ್ತಿಗೆ ಕೈ ಮಣಭಾರವಾಗಿತ್ತಂತೆ. ಹಿಮ್ಮಡಿ ಹೊರಗೆ ಬಿದ್ದಾಗ ಆ ಕೈ ತಾನಾಗಿಯೇ ನೀಲಿಯ ಕಡೆ ಎದ್ದಿತು. ಎದ್ದೊಡನೆ ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಬಿದ್ದ ಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಂದಾಗಲಿಲ್ಲ.

ಹೆಂಡತಿ: ಅಂಗಡಿಯವನೊಬ್ಬ ಸ್ವಂತ ಮಗಳಿಗೆ ತೂಕದಲ್ಲಿ ಹೊಡೆದರೆ ನೀವು ದಂಡ ಹಾಕ್ತೀರೋ ಇಲ್ವೋ?

ತಕ್ಕಡಿಯವರು: ಕಾಯಿದೇಲಿ ಆ ಪ್ರಸಂಗ ಬರಲ್ಲ.

ಹೆಂಡತಿ: ಮನೇಲಿ ಬಂದಿದೆ. ವರದೀಲಿ ಬರೀರಿ. ಹಿಮ್ಮಡಿ ನೀಲಿದು, ಅಂಕ ಕೆಂಪಿಗೆ ಸೇರಬೇಕು, ತಪ್ಪು ನನ್ನದು ಅಂತ.

ತಕ್ಕಡಿಯವರು: ಬರೆದು ಏನು ಪ್ರಯೋಜನ? ಲೆಕ್ಕ ಹಾಕು. ಆ ಒಂದು ಅಂಕ ಅಲ್ಲಿಂದ ಇಲ್ಲಿಗೆ ತಂದರೆ ಐದು-ಐದು ಸಮ ಆಗುತ್ತೆ. ಸಮ ಆದರೆ ಕೊನೇ ಅಂಕ ತಗೊಂಡವರು ಗೆದ್ದ ಹಾಗೆ. ಕೊನೇ ಎರಡು ಅಂಕ ತಗೊಂಡಿದ್ದು ಆ ಹುಡುಗಿ, ನಮ್ಮವಳನ್ನ ಕೆಳಕ್ಕೆ ಕೆಡವಿ. ನನ್ನ ಮರ್ಯಾದೆ ಹೋಗುತ್ತೆ, ಮಗಳಿಗೆ ತಂಡಾನೂ ಸಿಗಲ್ಲ.

ಹೆಂಡತಿ ಇದ್ದಕ್ಕಿದ್ದಂತೆ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೊರಟಳು. ಕಾಫಿ ಬಿಸಿ ಮಾಡಿಕೊಂಡು ಬರುತ್ತೇನೆಂದಳು. ಮದುವೆಯಾದ ೧೯೯೫ರ ನವೆಂಬರ್ ಹನ್ನೆರಡರಿಂದ ಇಂದಿನವರೆಗೆ ಆಕೆ ಜಗಳವನ್ನು ಅರ್ಧಕ್ಕೆ ಬಿಟ್ಟು ಕಾಫಿ ಬಿಸಿ ಮಾಡಿದ್ದೇ ಇಲ್ಲವಾದ್ದರಿಂದ ತಕ್ಕಡಿಯವರಿಗೆ ಆಶ್ಚರ್ಯವಾಯಿತು. ಆದರೆ ವರದಿಯಲ್ಲಿ ಒಂದು ಅಂಕಣ ಖಾಲಿ ಇತ್ತು.

ತಕ್ಕಡಿಯವರು: ಹೋಗೋ ಮುಂಚೆ ಒಂದು ಹೇಳು. ಆ ಕೊನೇ ಎರಡು ಅಂಕ ಬಂದಿದ್ದು ಎಷ್ಟನೇ ಸೆಕೆಂಡಲ್ಲಿ?

ಹೆಂಡತಿ: ಕೊನೇಲಿ.

ತಕ್ಕಡಿಯವರು: ಕೊನೇಲಿ ಅಂತ ಬರೆಯೋಕಾಗಲ್ಲ ಕಣೇ. ನನಗೆ ಅಂಕಿ ಬೇಕು. ಗಡಿಯಾರ ಕೊಡು, ನಿಲ್ಲಿಸಿದ ಸಮಯ ಅದರಲ್ಲೇ ಇರುತ್ತೆ.

ಕೊಡುವುದಕ್ಕೆ ಮೊದಲು ಹೆಂಡತಿಯ ಹೆಬ್ಬೆರಳು ಅಂಕಿ ಅಳಿಸುವ ಗುಂಡಿಯನ್ನು ಹುಡುಕುತ್ತಿತ್ತು. ಎರಡೂ ಕೈಯಲ್ಲಿ ಲೋಟಗಳಿದ್ದುದರಿಂದ ಅದಕ್ಕೆ ಎಟುಕಲಿಲ್ಲ. ತಕ್ಕಡಿಯವರು ಆಕೆಯ ಕೊರಳಿನ ದಾರವನ್ನೇ ತಮ್ಮ ಕಡೆ ಎಳೆದುಕೊಂಡು ಓದಿದರು.

ತಕ್ಕಡಿಯವರು: ಎರಡು ನಿಮಿಷ ಏಳು ಸೆಕೆಂಡು. ಸುತ್ತು ಇರೋದೇ ಎರಡು ನಿಮಿಷ. ಇದು ಕೆಟ್ಟಿದೆ.

ಹೆಂಡತಿ: ಕೆಟ್ಟಿರಬಹುದು. ಹಳೇದಾಯ್ತಲ್ಲ.

ತಕ್ಕಡಿಯವರು: ಹೇಗೆ ಕೆಡುತ್ತೆ? ಫೆಬ್ರವರಿ ಇಪ್ಪತ್ತನೇ ತಾರೀಕು ನಾನೇ ಪರೀಕ್ಷೆ ಮಾಡಿ ಮುದ್ರೆ ಹಾಕಿದೀನಿ. ಇದು ಸರಿಯಾಗಿದೆ. ಹಾಗಾದ್ರೆ ಕೆಟ್ಟಿದ್ದು ಏನು?

ಹೆಂಡತಿ ಲೋಟಗಳನ್ನು ಮತ್ತೆ ಮೇಜಿನ ಮೇಲಿಟ್ಟು ಕುಳಿತಳು.

ಹೆಂಡತಿ: ನಿಮ್ಮ ಕೈ ನೀಲಿ ಕಡೆ ಎದ್ದಿದ್ದನ್ನ ನೋಡಿದೆ. ಹೊಟ್ಟೆ ಉರೀತು. ನಾಲ್ಕು-ನಾಲ್ಕು ಆಗಿತ್ತು, ಕೊನೇ ಅಂಕ ಆ ಹುಡುಗೀದು. ನೀವು ಕಿತ್ತುಕೊಂಡಿದ್ದನ್ನ ನಮ್ಮವಳು ವಾಪಸು ತಗೊಳ್ಳಲಿ ಅಂತ ಸ್ವಲ್ಪ ಸಮಯ ಕೊಟ್ಟೆ. ಗಂಟೆ ಬಾರಿಸೋದು ಏಳು ಸೆಕೆಂಡು ತಡ ಮಾಡಿದೆ.

ತಕ್ಕಡಿಯವರು: ಆ ಏಳು ಸೆಕೆಂಡಲ್ಲಿ ತಗೊಂಡಿದ್ದು ಯಾರು?

ಹೆಂಡತಿ: ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ.

ಅಪ್ಪ ಮಗಳಿಂದ ಕಿತ್ತು ಎದುರಾಳಿಗೆ ಒಂದು ಅಂಕ ಕೊಟ್ಟಿದ್ದರು. ಅಮ್ಮ ಮಗಳಿಗೆಂದು ಕೊಟ್ಟ ಸಮಯದಲ್ಲಿ ಎದುರಾಳಿ ಎರಡು ಅಂಕ ಸಂಪಾದಿಸಿದ್ದಳು. ಮಗಳ ವಿರುದ್ಧ ಡ್ರೈವರರ ಮಗಳೊಬ್ಬಳೇ ಹೋರಾಡಿದ್ದರೆ ಮಗಳು ಐದಕ್ಕೆ ಮೂರರಂತೆ ಗೆದ್ದಿರುತ್ತಿದ್ದಳು.

ತಕ್ಕಡಿಯವರು: ಹಾಗಾದ್ರೆ ನೀನು ಬರಿ. ಸುತ್ತು ಮುಗಿದ ಮೇಲೆ ಬಂದ ಅಂಕ ಚೆಲ್ಲೋದು ಅಂತ.

ಹೆಂಡತಿ: ನಾನೊಬ್ಬಳೇ ಬರೆದರೆ ನಾಲ್ಕು-ನಾಲ್ಕು. ಕೊನೇ ಅಂಕ ಆಗಲೂ ಆ ಹುಡುಗೀದೇ, ನಿಮ್ಮ ಹಿಮ್ಮಡಿ ಕೃಪೆಯಿಂದ. ಇಬ್ಬರೂ ಬರೆದರೆ ಮಾತ್ರ ಐದು-ಮೂರು.

ತಕ್ಕಡಿಯವರು: ಸರಿ. ನೀನು ಮೊದಲು.

ಹೆಂಡತಿ: ಯಾಕೆ, ತಪ್ಪು ಮಾಡುವಾಗ ಮೊದಲು ಮಾಡಿದ್ದು ನೀವಲ್ವಾ?

ಅಲ್ಲಿಂದ ಮುಂದೆ ಅರ್ಧ ಗಂಟೆಯ ಕಾಲ ವಾದ ನಡೆದದ್ದು ಸರದಿಯ ಬಗ್ಗೆ. ಹದಿನಾರೂವರೆ ವರ್ಷದಲ್ಲಿ ಒಂದು ಕಪ್ಪುಚುಕ್ಕೆಯಿಲ್ಲದ ತಮ್ಮ ಹೆಸರನ್ನು ಗಂಡ ನೆನಪಿಸಿದರು. ಸೋಲನ್ನು ನಗುಮುಖದಿಂದ ಸ್ವೀಕರಿಸು ಎಂದು ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಬರೆದವಳು ತಾನೇ ಎಂದು ಹೆಂಡತಿ ನೆನಪಿಸಿದಳು. ಕಡೆಗೆ ಎಂಟೂವರೆ ದಾಟಿದ ಮೇಲೆ, ಮಗಳ ಬಾಗಿಲು ಇನ್ನೂ ಮುಚ್ಚಿಯೇ ಇರುವುದನ್ನು ಇಬ್ಬರೂ ಒಟ್ಟಿಗೆ ನೋಡಿದರು. ಒಟ್ಟಿಗೇ ಬರೆಯುವುದೆಂದು ತೀರ್ಮಾನವಾಯಿತು. ಪರೀಕ್ಷೆಯ ಕೋಣೆಯಲ್ಲಿ ಕುಳಿತವರಂತೆ ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದ ಹಾಗೆ ಎಡಗೈ ಅಡ್ಡವಿಟ್ಟುಕೊಂಡು ಬರೆದರು. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಸಹಿ ಹಾಕಿದರು.

ಕಾರ್ಯದರ್ಶಿಗಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಎಷ್ಟು ಕೆಟ್ಟದ್ದನ್ನು ಕಂಡರೂ ಮುಖ ಸಿಂಡರಿಸದ ಅಭ್ಯಾಸವುಳ್ಳವರು. ಕಂಕುಳಲ್ಲಿದ್ದ ಗಾಜಿನ ಚೌಕಟ್ಟಿನ ಪ್ರಶಂಸಾಪತ್ರವನ್ನು ಗೋಡೆಗೊರಗಿಸಿ, ಎರಡೂ ಹಾಳೆಗಳನ್ನು ಎರಡೆರಡು ಸಲ ಓದಿದರು.

ಕಾರ್ಯದರ್ಶಿ: ಇದನ್ನ ಒಪ್ಪಿಕೊಂಡರೆ ನಿಮ್ಮ ಮಗಳು ಗೆದ್ದ ಹಾಗಾಯ್ತು.

ತಕ್ಕಡಿಯವರು: ಹೌದು. ಅದೇ ಸತ್ಯ.

ಕಾರ್ಯದರ್ಶಿ: ನಿನ್ನೆ ಸೋತ ಹುಡುಗಿ, ರಾತ್ರಿ ಅಪ್ಪ-ಅಮ್ಮನ ಜೊತೆ ಊಟ ಮಾಡಿ ಮಲಗಿ, ಬೆಳಗ್ಗೆ ಗೆದ್ದುಬಿಟ್ಟಳು ಅಂತ ಎಲ್ಲರಿಗೂ ಹೇಳಲಾ? ನೀವು ನಿನ್ನೆ ತಪ್ಪು ಮಾಡಿದಾಗ ಜನ ಚಪ್ಪಾಳೆ ಹೊಡೆದರು ಸ್ವಾಮಿ. ಇವತ್ತು ನಿಜ ಹೇಳಿದರೆ ಬಾಯಿಗೆ ಬಂದ ಹಾಗೆ ಬೈತಾರೆ.

ಹೆಂಡತಿ: ಹಾಗಂತ ಮಗು ಬಾಯಿಗೆ ಮಣ್ಣು ಹಾಕೋದಾ?

ಕಾರ್ಯದರ್ಶಿಗಳು ಇರುವುದೊಂದೇ ದಾರಿಯೆಂದರು. ಹನ್ನೆರಡರೊಳಗೆ ಪಂದ್ಯವನ್ನು ಮತ್ತೆ ಆಡಿಸಬೇಕು; ಅದಕ್ಕೆ ಗೆದ್ದ ಹುಡುಗಿ ಒಪ್ಪಬೇಕು; ಗೆದ್ದವಳು ಯಾಕೆ ಒಪ್ಪುತ್ತಾಳೆ ಎಂದು ತಾವೇ ಕೇಳಿ, ತಾವೇ ತಲೆಯಲ್ಲಾಡಿಸಿದರು. ಆಗ ಕೋಣೆಯ ಬಾಗಿಲು ತೆರೆಯಿತು. ಹೆಗಲ ಮೇಲೆ ಚೀಲ, ಕಾಲಲ್ಲಿ ಲೇಸು ಬಿಗಿದ ಬೂಟು. ಮಗಳು ಬಹಳ ಹೊತ್ತಿನಿಂದ ಸಿದ್ಧವಾಗಿಯೇ ಇದ್ದಂತಿತ್ತು.

ಮಗಳು: ಒಪ್ಪಿದಾಳೆ. ನಿನ್ನೆ ಸಾಯಂಕಾಲಾನೇ ಫೋನ್ ಮಾಡಿದ್ಲು. ಹಿಮ್ಮಡಿ ತನ್ನದೇ ಅಂತ ಗೊತ್ತಿತ್ತಂತೆ, ಊಟ ಸೇರಲಿಲ್ಲವಂತೆ. ಹತ್ತೂವರೆಗೆ ಸಭಾಂಗಣಕ್ಕೆ ಬರ್ತಾಳೆ.

ತಕ್ಕಡಿಯವರು: ನಿನಗೂ ಹಿಮ್ಮಡಿ ಗೊತ್ತಿತ್ತಾ?

ಮಗಳು: ನೀವು ಹಿಮ್ಮಡಿ ನೋಡಿದ್ರಿ, ನನ್ನ ಮುಖ ನೋಡಿದ್ರಿ, ಆಮೇಲೆ ಆ ಕಡೆ ಕೈ ಎತ್ತಿದ್ರಿ.

ತಕ್ಕಡಿಯವರು: ಅಲ್ಲೇ ಹೇಳಬಾರದಿತ್ತಾ?

ಮಗಳು: ನಿರ್ಣಾಯಕರ ಹತ್ತಿರ ವಾದ ಮಾಡಬಾರದು ಅಂತ ಹೇಳ್ಕೊಟ್ಟೋರು ಯಾರು?

ಹೆಂಡತಿ: ನಾನು ಕೊಟ್ಟ ಸಮಯದಲ್ಲಾದ್ರೂ ಹಿಡೀಬಾರದಿತ್ತಾ ಪುಟ್ಟಿ?

ಮಗಳು: ಮನಸ್ಸಲ್ಲೇ ಎಣಿಸ್ತಿದ್ದೆ ಅಮ್ಮ, ನೀನು ಕಲಿಸಿದ ಹಾಗೆ. ಎರಡು ನಿಮಿಷ ಆಯ್ತು, ಇನ್ನು ಹಿಡಿದ್ರೆ ಮೋಸ ಅಂತ ಕೈ ಬಿಟ್ಟೆ. ಅವಳಿಗೆ ಎಣಿಸೋಕೆ ಬರಲ್ಲ, ಎತ್ತಿ ಹಾಕಿದ್ಲು.

ಕಾರ್ಯದರ್ಶಿಗಳು ಯಾರಿಗೂ ಕಾಣದಂತೆ ಪ್ರಶಂಸಾಪತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ನಿರ್ಣಾಯಕರ ಪ್ರಶ್ನೆಯನ್ನೆತ್ತಿದರು. ಒಬ್ಬರ ಕಾಲು ಪ್ಲಾಸ್ಟರಿನಲ್ಲಿದೆ. ಇನ್ನೊಬ್ಬರು ಈ ಮನೆಯಲ್ಲಿದ್ದಾರೆ. ಪರವಾನಗಿ ಇರುವ ಮೂರನೆಯವರು ನಿನ್ನೆ ದೂರದ ಡ್ಯೂಟಿಗೆ ಹೋಗಿದ್ದ ಆ ಬಸ್ ಡ್ರೈವರರೇ. ಬೆಳಗಿನ ಜಾವ ಮರಳಿದ್ದಾರೆ. ಆದರೆ ಆ ವಿಚಾರ ಹೇಳುವುದಕ್ಕೇ ತಮಗೆ ಸಂಕೋಚವೆಂದರು. ಗಂಡಹೆಂಡಿರು ಅಂದು ಮೊದಲ ಬಾರಿಗೆ ಒಂದೇ ಮಾತಿಗೆ ಬಂದರು: ಖಂಡಿತ ಕೂಡದು.

ಮಗಳು: ಅವರೇ ಆಗಲಿ ಡಾಕ್ಟ್ರೇ. ನಾನೇ ಕೇಳಿ ಒಪ್ಪಿಸಿದೀನಿ.

ತಕ್ಕಡಿಯವರು: ಬುದ್ಧಿ ಇದೆಯಾ ನಿನಗೆ? ಅವರು ಆ ಹುಡುಗಿಯ ಸ್ವಂತ ಅಪ್ಪ ಕಣಮ್ಮ.

ಮಗಳು: ಗೊತ್ತಪ್ಪ. ಅವರೂ ನಿಮ್ಮಷ್ಟೇ ಮರ್ಯಾದಸ್ಥರಂತೆ. ಕಡಮೆ ಅಂದ್ರೂ ನನಗೆ ಒಂದು ಅಂಕ ಜಾಸ್ತಿ ಬರುತ್ತೆ.