ಹವಾಲ್ದಾರರ ಅರ್ಧ ಮಾತ್ರೆ

"ಹೇಗಿದ್ದೀರಿ?" ಎಂದು ಡಾಕ್ಟರು ಕೇಳಿದಾಗಲೆಲ್ಲ ಹವಾಲ್ದಾರರು "ಚೆನ್ನಾಗಿದ್ದೀನಿ ಸಾರ್" ಎಂದುಬಿಡುತ್ತಿದ್ದರು. ತೊಂದರೆಯ ಮೂಲ ಅದೇ. ಸೈನ್ಯದಲ್ಲಿ ಮೇಲಿನವರಿಗೆ ಬೇರೆ ಉತ್ತರ ಕೊಟ್ಟು ಅವರಿಗೆ ರೂಢಿಯಿರಲಿಲ್ಲ. ಹೀಗಾಗಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾಕ್ಟರುಗಳು ಬದಲಾಗುತ್ತಲೇ ಇದ್ದರೂ, ಮನಸ್ಸಿನ ಮಂಕು ಕಳೆಯಲೆಂದು 'ಮೊದಲು ಸ್ವಲ್ಪ ಕೊಟ್ಟು ನೋಡೋಣ' ಅಂತ ಶುರುಮಾಡಿದ್ದ ಅರ್ಧ ಮಾತ್ರೆ ವರ್ಷಗಳಿಂದ ಅರ್ಧವಾಗಿಯೇ ಉಳಿದಿತ್ತು. ಹವಾಲ್ದಾರರು ಕಡೇ ಬಸ್ಸು ತಪ್ಪಿದ ಪ್ರಯಾಣಿಕನ ಹಾಗೆ ದಿನವಿಡೀ ಗೋಡೆ ನೋಡುತ್ತ ಕೂತಿರುತ್ತಿದ್ದರು.

"ಇವತ್ತು ನಿಜ ಹೇಳದಿದ್ರೆ ನಾನೇ ಒಳಗೆ ಬರ್ತೀನಿ," ಎಂದು ಹೆಂಡತಿ ಜೊತೆಗೇ ಹೊರಟರು.

ಆಸ್ಪತ್ರೆಯ ಬೆಂಚಿನಲ್ಲಿ ಹಳೇ ಪಡೆಯ ಬಿಟ್ಟಿ ಸಲಹೆಗಾರರು ಕಾದಿದ್ದರು.

"ನಿದ್ದೆ ಇಲ್ಲ ಅಂದ್ರೆ ಡೋಸ್ ಏರಿಸ್ತಾರೆ ಕಣಯ್ಯಾ. ಆಮೇಲೆ ಊಟಕ್ಕೂ ಎಬ್ಬಿಸ್ಬೇಕಾಗುತ್ತೆ," ಎಂದರು ಮಾಜಿ ಡ್ರೈವರ್.

"ಬೇಜಾರು ಅಂದ್ರೆ ವಾರ್ಡಿಗೇ ಹಾಕ್ತಾರೆ," ಎಂದರು ಪಡೆಯ ಮಾಜಿ ಅಡುಗೆಯವರು.

"ನಿನ್ನ ಅಡುಗೆ ಉಂಡೇ ಅರ್ಧ ಪಡೆಗೆ ಬೇಜಾರು ಹತ್ತಿದ್ದು!"

"ನೀನು ಲಾರಿ ಹಳ್ಳಕ್ಕೆ ಇಳಿಸಿದ್ಯಲ್ಲ, ನನ್ನ ಪಾತ್ರೆಗಳೆಲ್ಲ ಅದ್ರಲ್ಲೇ ಹೋದ್ವು!"

ಲಾರಿ ಮಗುಚಿದ ಬಗೆಯನ್ನು ಅಡುಗೆಯವರು ತಮ್ಮ ಕೈಚೀಲ ತಿರುಗಿಸಿ ತೋರಿಸಿದರು. ಚೀಲದ ಈರುಳ್ಳಿಗಳೆಲ್ಲ ನೆಲದ ಮೇಲೆ ಉರುಳಿ ಓಡಿದವು. ಹವಾಲ್ದಾರರಿಗೆ ಎಲ್ಲಿತ್ತೋ ನಗು, ಉಕ್ಕಿಬಂತು. ಸರಿಯಾಗಿ ಆಗಲೇ ಬಾಗಿಲು ತೆರೆದುಕೊಂಡಿತು.

"ಅಬ್ಬಾ, ಎಂಥ ಲವಲವಿಕೆ!" ಎಂದು ಹೊಸ ಡಾಕ್ಟರು ಅವರನ್ನು ಒಳಗೆ ಕರೆದರು.

"ಇಲ್ಲ ಸಾರ್... ಒಳಗೆಲ್ಲ ಖಾಲಿ ಖಾಲಿ," ಹವಾಲ್ದಾರರು ಕಷ್ಟಪಟ್ಟು ಬಾಯಿಬಿಟ್ಟರು.

"ನೋಡಿ, ಮನಸ್ಸು ಬಿಚ್ಚಿ ಮಾತಾಡ್ತಿದ್ದೀರಿ! ಔಷಧಿ ಚೆನ್ನಾಗಿ ಹಿಡಿದಿದೆ. ಅದನ್ನೇ ಮುಂದುವರಿಸಿ."

ಹೆಂಡತಿ ಬಾಗಿಲು ತಳ್ಳಿಕೊಂಡು ಬಂದರು. "ಹಿಡಿದಿದ್ಯಾ? ಇವ್ರು ಗೋಡೆ ಜೊತೆ ಸಂಸಾರ ಮಾಡ್ತಿದಾರೆ! ನಿದ್ದೇಲಿ ಇವ್ರು ಬೆಚ್ಚಿಬಿದ್ರೆ ನಾನೂ ಏಳ್ಬೇಕು. ನಾನು ನಕ್ಕು ಎಷ್ಟು ಕಾಲ ಆಯ್ತು ಗೊತ್ತಾ ಡಾಕ್ಟ್ರೇ?" ಎಂದವರೇ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟರು. ಹವಾಲ್ದಾರರು ಗಾಬರಿಯಿಂದ ಹೆಂಡತಿಯ ಭುಜ ಮುಟ್ಟಿದರು. ಅವರಿಗೂ ಇದು ಹೊಸ ಸುದ್ದಿ.

ಡಾಕ್ಟರು ಪೆನ್ನು ಎತ್ತಿಕೊಂಡರು.

ಔಷಧಿ ಕೌಂಟರಿನವನು ಎರಡು ಪೊಟ್ಟಣ ಹೊರಗಿಟ್ಟ. "ಅರ್ಧ ಮಾತ್ರೆ ನಿಮ್ಮದು ಸಾರ್. ಈ ದೊಡ್ಡ ಡೋಸು ಅಮ್ಮಾವ್ರಿಗೆ." ಆಮೇಲೆ ತುಂಬು ಗೌರವದಿಂದ ಕೇಳಿದ: "ಅಮ್ಮಾ, ತಾವು ಯಾವ ಯುದ್ಧದಲ್ಲಿದ್ರಿ?"

"ಇವ್ರು ಯುದ್ಧ ಮುಗಿಸಿ ಮನೆಗೆ ಬಂದ ಮೇಲೆ ಶುರುವಾಯ್ತಲ್ಲಪ್ಪ," ಎಂದರು ಆಕೆ, "ಅದ್ರಲ್ಲಿ."