ಹತ್ತು ಖಾನೆ, ಎರಡು ಚಟುವಟಿಕೆ

ಊರಿನವರಿಗೆಲ್ಲ ಶನಿವಾರ ಮಧ್ಯಾಹ್ನ ನಿದ್ದೆ ಬಂದರೆ ನನಗೆ ಮಾತ್ರ ಏನಾದರೊಂದು ಪ್ರಸಂಗ ಗಂಟು ಬೀಳುತ್ತದೆ. ಕಳೆದ ವರ್ಷವಂತೂ ಒಂದು ಶನಿವಾರವೂ ಸುಮ್ಮನೆ ಹೋಗಲಿಲ್ಲ.

ನಾನು ತೀರ್ಥಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಈಚೆಗೆ ಕೆಲವು ದೊಡ್ಡ ಕಾಲೇಜುಗಳು ಬರೀ ಅಂಕ ನೋಡಿ ಸೀಟು ಕೊಡುವುದನ್ನು ಬಿಟ್ಟಿವೆ. ಪಾಠ ಬಿಟ್ಟು ಇನ್ನೇನು ಮಾಡಿದ್ದೀಯ, ಯಾವುದಕ್ಕೆ ನಾಯಕನಾಗಿದ್ದೀಯ, ಯಾರನ್ನು ಉದ್ಧಾರ ಮಾಡಿದ್ದೀಯ ಎಂದೆಲ್ಲ ಕೇಳುತ್ತವೆ. ಅದನ್ನು ಬರೆಯಲು ಅರ್ಜಿಯಲ್ಲಿ ಹತ್ತು ಖಾನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸರದಿಯಂತೆ ಕೂತು ಅಲ್ಲಿನ ಮಕ್ಕಳಿಗೆ ಈ ಖಾನೆ ತುಂಬಲು ಹೇಳಿಕೊಡುವುದಕ್ಕೆಂದು ನಮ್ಮ ಪ್ರಾಂಶುಪಾಲರು ಒಂದು ಮಾರ್ಗದರ್ಶನ ಕೇಂದ್ರ ತೆಗೆದು ನನ್ನ ತಲೆಗೆ ಕಟ್ಟಿದರು. "ನಿಮಗೆ ಶನಿವಾರ ಮಧ್ಯಾಹ್ನ ಫ್ರೀ ಅಲ್ವಾ ಮೇಡಂ" ಅಂದರು. ಅವತ್ತು ಫ್ರೀ ಇದ್ದದ್ದು ನಿಜ. ಆಮೇಲೆ ಇಲ್ಲ.

ಅದೇ ವರ್ಷ ನನ್ನ ಮಗಳೂ ಎರಡನೇ ಪಿಯು. ಅವಳಿಗೆ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದುವ ಆಸೆ. ಅಲ್ಲೂ ಇದೇ ಹತ್ತು ಖಾನೆಯ ಅರ್ಜಿ. ಪೂರ್ತಿ ವಿದ್ಯಾರ್ಥಿವೇತನದ ಜೊತೆ ಸೀಟು ಸಿಕ್ಕರೆ ಹೋಗುವುದು, ಇಲ್ಲವಾದರೆ ಆ ಮಾತು ಅಲ್ಲಿಗೇ ಬಿಡುವುದು ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಅವಳು ಎರಡು ಖಾನೆ ತುಂಬಿ, ಎಂಟು ಖಾಲಿ ಬಿಟ್ಟು ಅರ್ಜಿಯನ್ನು ನನ್ನ ಮುಂದಿಟ್ಟಳು. ಮೊದಲನೆಯದರಲ್ಲಿ, ಓದುವುದು. ಎರಡನೆಯದರಲ್ಲಿ, ಬಸ್ಸಿಗೆ ಕಾಯುವುದು, ದಿನಕ್ಕೆ ಒಂದೂವರೆ ಗಂಟೆ, ಎರಡು ವರ್ಷದಿಂದ.

ಸುಳ್ಳೇನಲ್ಲ. ನಮ್ಮ ಮನೆ ತೀರ್ಥಹಳ್ಳಿಯಾಚೆ ಮೇಳಿಗೆ ಅನ್ನುವ ಊರಲ್ಲಿ. ಅವಳ ಕಾಲೇಜು ಬೇಗ ಬಿಡುತ್ತದೆ, ನನ್ನದು ತಡ. ನಾನು ಬಂದು ಇಬ್ಬರೂ ಒಟ್ಟಿಗೆ ಬಸ್ಸು ಹತ್ತುವವರೆಗೆ ಅವಳು ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತಿರುತ್ತಾಳೆ.

"ಇದನ್ನ ಯಾರಾದ್ರೂ ಚಟುವಟಿಕೆ ಅಂತಾರೇನೇ?" ಅಂದೆ.

"ಒಂದು ದಿನ ನೀನು ಕೂತು ನೋಡಮ್ಮ, ಆಮೇಲೆ ಹೇಳು" ಅಂದಳು.

ಮಂದಿಯ ಮಕ್ಕಳಿಗೆಲ್ಲ ಖಾನೆ ತುಂಬಿಸಿಕೊಡುವವಳ ಮನೆಯಲ್ಲೇ ಎಂಟು ಖಾಲಿ! ನನಗೆ ಭಯ ಶುರುವಾಯಿತು.

೧. ಸುಮ್ಮನಿರುವ ಹುಡುಗ

ಮೊದಲ ಶನಿವಾರ ಅರಳಸುರಳಿ ಕಡೆಯ ಒಬ್ಬ ತಂದೆ ಮಗನ ಅರ್ಜಿ ಹಿಡಿದು ಬಂದರು. ಮಗ ಬಂದಿರಲಿಲ್ಲ. ಖಾನೆ ಹತ್ತಕ್ಕೆ ಹತ್ತೂ ಖಾಲಿ. ನಾನು ಒಂದೊಂದಾಗಿ ಕೇಳುತ್ತಾ ಹೋದೆ.

"ಹಾಡ್ತಾನಾ?"

"ಇಲ್ಲ ಮೇಡಂ."

"ಆಟ?"

"ಮೊಬೈಲಲ್ಲಿ."

"ಚಿತ್ರ ಬರೀತಾನಾ?"

"ಸಣ್ಣಕಿದ್ದಾಗ ಗೋಡೆ ಮೇಲೆ ಬರೀತಿದ್ದ. ನಾಲ್ಕು ಬಿಟ್ಟ ಮೇಲೆ ನಿಲ್ಸಿದ."

"ಮನೆ ಕೆಲಸ?"

"ಹೇಳಿದ್ರೆ ಮಾಡ್ತಾನೇನೋ. ಹೇಳೋಕೆ ಅವನ ಅಮ್ಮ ಬಿಡಲ್ಲ."

"ಹಾಗಾದ್ರೆ ದಿನವಿಡೀ ಏನ್ ಮಾಡ್ತಾನೆ?"

"ಏನೂ ಇಲ್ಲ. ಜಗಲಿ ಮೇಲೆ ಕೂತು ರಸ್ತೆ ನೋಡ್ತಾನೆ. ಅದನ್ನೇ ಒಂಚೂರು ಚೆಂದದ ಇಂಗ್ಲಿಷಲ್ಲಿ ಬರೆದುಕೊಡಿ ಮೇಡಂ."

ಪಾಪ, ಅಷ್ಟು ದೂರದಿಂದ ಬಂದಿದ್ದಾರೆ. ನಾನೂ ಬರೆದೆ. ಶಾಂತ ಸ್ವಭಾವದವನು, ಗ್ರಾಮೀಣ ಜನಜೀವನವನ್ನು ಹಲವು ವರ್ಷಗಳಿಂದ ತಾಳ್ಮೆಯಿಂದ ಗಮನಿಸುತ್ತಿರುವವನು, ಅವಸರದ ತೀರ್ಮಾನಗಳಿಗೆ ಬಾರದವನು ಎಂದೆಲ್ಲ ನಾಲ್ಕು ಸಾಲು. ಅದರ ಅರ್ಥವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಕಣ್ಣೊರೆಸಿಕೊಂಡರು.

"ಇಷ್ಟೆಲ್ಲ ಮಾಡ್ತಿದ್ದ ಅಂತ ನಮಗೆ ಗೊತ್ತೇ ಇರ್ಲಿಲ್ಲ ಮೇಡಂ. ಸುಮ್ನೆ ದಿನಾ ಬೈತಾ ಇದ್ವಿ!"

೨. ಎಲ್ಲವನ್ನೂ ಮಾಡುವ ಹುಡುಗಿ

ಸಾಗರದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲೊಬ್ಬ ತಾಯಿಗೆ ಹತ್ತು ಖಾನೆ ಸಾಲುತ್ತಿರಲಿಲ್ಲ. ಬೇರೆ ಹಾಳೆ ಲಗತ್ತಿಸಬಹುದೇ ಎಂದು ಕೇಳಿಕೊಂಡು ಬಂದಿದ್ದರು. ಮಗಳಿಗೆ ಭರತನಾಟ್ಯ, ವೀಣೆ, ಕರಾಟೆ, ಚೆಸ್ಸು, ಅಬಾಕಸ್ಸು, ಭಾಷಣ ಕಲೆ, ಕೈಬರಹ. ಇದರಲ್ಲಿ ಅರ್ಧಕ್ಕರ್ಧ ಆನ್‌ಲೈನ್ ಕ್ಲಾಸು. ವೇಳಾಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆಯಂತೆ, ಅದರ ಫೋಟೋ ತೋರಿಸಿದರು. ಅದರಲ್ಲಿ ಊಟಕ್ಕೆ ಇಪ್ಪತ್ತು ನಿಮಿಷ ಇತ್ತು.

ಹುಡುಗಿ ಪಕ್ಕದಲ್ಲೇ ಕೂತಿದ್ದಳು. ನಾನು ಪ್ರೀತಿಯಿಂದ ಕೇಳಿದೆ: "ಇಷ್ಟರಲ್ಲಿ ನಿನಗೆ ಯಾವುದು ತುಂಬಾ ಇಷ್ಟ?"

ಹುಡುಗಿ ಅಮ್ಮನ ಮುಖ ನೋಡಿದಳು. "ಎಂತ ಇಷ್ಟ, ಹೇಳೇ" ಎಂದು ಅಮ್ಮ ತಿವಿದರು.

"ಕರೆಂಟ್ ಹೋಗೋದು ಇಷ್ಟ ಮೇಡಂ. ಆವಾಗ ಯಾವ ಕ್ಲಾಸೂ ಇರಲ್ಲ."

ಲಿಂಗನಮಕ್ಕಿಯ ವಿದ್ಯುತ್ ಅಣೆಕಟ್ಟು ಇಷ್ಟು ಹತ್ತಿರ ಇಟ್ಟುಕೊಂಡೂ ನಮ್ಮ ಕಡೆ ಕರೆಂಟ್ ಹೋಗುತ್ತದಲ್ಲ ಎಂದು ನಾನು ಎಷ್ಟೋ ಸಲ ಶಪಿಸಿದ್ದೇನೆ. ಅದರಿಂದ ಒಂದು ಮಗು ಉಸಿರಾಡಿಕೊಂಡಿದೆ ಎಂದು ಅವತ್ತೇ ತಿಳಿದದ್ದು. ಆದರೆ ಆ ತಾಯಿ ಸುಮ್ಮನಾಗುವವರಲ್ಲ. ಮರುದಿನವೇ ಫೋನ್ ಮಾಡಿದರು.

"ಮೇಡಂ, ಇನ್ವರ್ಟರ್ ಹಾಕ್ಸಿದ್ವಿ."

೩. ಸೋಲು ಬೇಕಾಗಿದೆ

ಹೊಸನಗರದಲ್ಲಿ ಸಂದರ್ಶನದ ಅಭ್ಯಾಸ ಮಾಡಿಸುತ್ತಿದ್ದೆ. ಈ ಕಾಲೇಜುಗಳವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ, ನಿನ್ನ ಜೀವನದ ಒಂದು ಸೋಲು ಯಾವುದು, ಅದರಿಂದ ಏನು ಕಲಿತೆ ಎಂದು. ಅಲ್ಲಿ ಒಬ್ಬ ಹುಡುಗ ಒಂದನೇ ಕ್ಲಾಸಿನಿಂದ ಮೊದಲ ಸ್ಥಾನ ಬಿಟ್ಟುಕೊಟ್ಟವನಲ್ಲ. ಪ್ರಶ್ನೆ ಕೇಳಿ ಬಾಯಿ ತೆರೆದುಕೊಂಡು ಕೂತ. "ಯೋಚನೆ ಮಾಡಿಕೊಂಡು ಬಾ" ಎಂದು ಕಳಿಸಿದೆ.

ಮುಂದಿನ ಸಲ ಇಡೀ ಮನೆಯೇ ಬಂತು. ಅಪ್ಪ, ಅಮ್ಮ, ಎಂಬತ್ತು ದಾಟಿದ ಅಜ್ಜ. ಅಮ್ಮನಿಗೆ ಕೋಪ. "ಮೇಡಂ, ನಮ್ಮ ಹುಡ್ಗನ ಹತ್ರ ಇಲ್ಲದ ಸೋಲು ಕೇಳಿದ್ರೆ ಅವನು ಎಲ್ಲಿಂದ ತರ್ತಾನೆ?" ಅಂದರು. ಅಪ್ಪ ಮೆಲ್ಲಗೆ, "ಬರೋ ಪರೀಕ್ಷೇಲಿ ಒಂದು ಸಬ್ಜೆಕ್ಟ್ ಬಿಡ್ಸಿದ್ರೆ ಹೆಂಗೆ?" ಎಂದು ವಿಚಾರಿಸಿದರು. ಅಮ್ಮ ಅವರನ್ನು ನೋಡಿದ ನೋಟಕ್ಕೆ ಆ ಯೋಜನೆ ಅಲ್ಲೇ ಸತ್ತಿತು.

ಅಷ್ಟು ಹೊತ್ತು ಕೋಲಿನ ಮೇಲೆ ಗದ್ದ ಊರಿ ಕೂತಿದ್ದ ಅಜ್ಜ ಆಗ ಕೆಮ್ಮಿದರು.

"ಎಂತಕ್ಕೆ ಇಷ್ಟು ಗಲಾಟೆ? ನಾನು ಹತ್ತನೇ ಕ್ಲಾಸ್ ಲೆಕ್ಕದಲ್ಲಿ ಮೂರು ಸಲ ಡುಮ್ಕಿ ಹೊಡ್ದೀನಿ. ಅರವತ್ತು ವರ್ಷದಿಂದ ಮನೇಲಿ ಸುಮ್ನೆ ಬಿದ್ದಿದೆ. ಮೊಮ್ಮಗ ಉಪಯೋಗಿಸ್ಕಳ್ಲಿ ಬಿಡಿ!"

೪. ಏಳು ಅಧ್ಯಕ್ಷರು, ಒಂದು ಬಸ್‌ಸ್ಟ್ಯಾಂಡು

ಇದು ನಡೆದದ್ದು ತೀರ್ಥಹಳ್ಳಿಯಲ್ಲಿ, ಮತ್ತು ಇದರಲ್ಲಿ ತಪ್ಪು ನನ್ನದೂ ಇದೆ. ಒಂದು ಶನಿವಾರ ನಾನು ಪೋಷಕರಿಗೆ, "ಬರೀ ಭಾಗವಹಿಸಿದರೆ ಸಾಲದು, ಮಕ್ಕಳಲ್ಲಿ ನಾಯಕತ್ವ ಕಾಣಬೇಕು" ಎಂದು ಭಾಷಣ ಬಿಗಿದಿದ್ದೆ. ಹದಿನೈದು ದಿನ ಕಳೆಯುವುದರೊಳಗೆ ಏಳು ಪರಿಸರ ಸಂಘಗಳು ಹುಟ್ಟಿಕೊಂಡವು. ಏಳಕ್ಕೂ ಅಧ್ಯಕ್ಷರಿದ್ದರು. ಸದಸ್ಯರು ಮಾತ್ರ ಒಬ್ಬರೂ ಇರಲಿಲ್ಲ.

ನಮ್ಮ ಕಡೆ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ. ಪೋಷಕರು ಅದನ್ನೇ ಇಲ್ಲಿಗೂ ಹಚ್ಚಿದರು. ಸೋಮವಾರ ಒಬ್ಬಳು ಅಧ್ಯಕ್ಷೆ, ಉಳಿದ ಆರು ಅಧ್ಯಕ್ಷರು ಅವಳ ಸದಸ್ಯರು. ಮಂಗಳವಾರ ಇನ್ನೊಬ್ಬನ ಸರದಿ. ಹೀಗೆ ವಾರಪೂರ್ತಿ. ಏಳು ಸಂಘದ್ದೂ ಕಾರ್ಯಕ್ರಮ ಒಂದೇ, ಬಸ್‌ಸ್ಟ್ಯಾಂಡ್ ಸ್ವಚ್ಛತೆ. ಬ್ಯಾನರ್ ಕೂಡ ಒಂದೇ, ಅಧ್ಯಕ್ಷರ ಹೆಸರಿನ ಜಾಗದಲ್ಲಿ ಮಾತ್ರ ದಿನಾ ಹೊಸ ಚೀಟಿ.

ತೊಂದರೆ ಬಂದದ್ದು ಕಸದ್ದು. ಆ ಬಸ್‌ಸ್ಟ್ಯಾಂಡನ್ನು ಪಟ್ಟಣ ಪಂಚಾಯಿತಿಯ ಒಬ್ಬ ಪೌರಕಾರ್ಮಿಕ ಹೆಂಗಸು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕನ್ನಡಿಯ ಹಾಗೆ ಗುಡಿಸಿಡುತ್ತಾರೆ. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಾರೆ. ಸೋಮವಾರದ ಅಧ್ಯಕ್ಷೆಗೆ ಹೇಗೋ ನಾಲ್ಕು ಬಸ್ ಟಿಕೇಟು, ಒಂದು ಬಾಳೆಹಣ್ಣಿನ ಸಿಪ್ಪೆ ಸಿಕ್ಕಿತು. ಮಂಗಳವಾರದವನಿಗೆ ಅದೂ ಇಲ್ಲ. ಫೋಟೋದಲ್ಲಿ ಪೊರಕೆ ಇದ್ದು ಕಸ ಇಲ್ಲದಿದ್ದರೆ ಹೇಗೆ? ಅವನ ತಾಯಿ ಮುಂದಾಲೋಚನೆಯವರು. ಸ್ಕೂಟರ್ ಡಿಕ್ಕಿಯಿಂದ ಒಂದು ಚೀಲ ತೆಗೆದು, ಮನೆಯಿಂದ ತಂದ ಕಸವನ್ನು ನೀಟಾಗಿ ಹರಡಿದರು. ಬುಧವಾರದಿಂದ ಎಲ್ಲ ಅಧ್ಯಕ್ಷರೂ ಕಸ ತರತೊಡಗಿದರು. ಫೋಟೋ ಆದ ಕೂಡಲೇ ಟ್ಯೂಷನ್ನಿಗೆ ಹೊತ್ತಾಗುತ್ತಿತ್ತು, ಹೋಗಿಬಿಡುತ್ತಿದ್ದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಇಷ್ಟೆಲ್ಲ ನೋಡಿಯೂ ನನಗೆ ಆಸೆ ಹುಟ್ಟಿತು. ಅರ್ಜಿ ಕಳಿಸಲು ಹೆಚ್ಚು ದಿನ ಉಳಿದಿರಲಿಲ್ಲ. ಮಗಳಿಗೆ ಹೇಳಿದೆ: "ಹೇಗೂ ದಿನಾ ಅಲ್ಲೇ ಕೂತಿರ್ತೀಯಲ್ಲೇ. ಒಂದು ದಿನ ಪೊರಕೆ ಹಿಡ್ಕೊಂಡು ನಿಂತ್ಕೋ. ಒಂದು ಫೋಟೋ, ಅಷ್ಟೇ."

"ಅಕ್ಕ ಆಗಲೇ ಗುಡಿಸಿರ್ತಾರಲ್ಲಮ್ಮ" ಅಂದಳು.

"ಎಲ್ಲರೂ ಮಾಡ್ತಿದಾರೆ."

"ಅದಕ್ಕೇ ಅಕ್ಕಂಗೆ ಸೊಂಟ ನೋವು" ಎಂದು ಪುಸ್ತಕ ತೆರೆದಳು. ನನಗೆ ಸಿಟ್ಟು ಬಂತು. ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಆ ಸಂಜೆ ಬಸ್ಸು ಹತ್ತುವಾಗ ಅಕ್ಕನೇ ನನ್ನನ್ನು ತಡೆದು ನಿಲ್ಲಿಸಿದರು.

"ಮೇಡಂ, ನೀವೇ ಅಂತಲ್ವಾ ಈ ಮಕ್ಳಿಗೆ ದಾರಿ ತೋರ್ಸೋರು? ಬೇಗ ಒಂದು ಸೀಟ್ ಕೊಡ್ಸಿ ಎಲ್ಲರನ್ನೂ ಕಳ್ಸಿಬಿಡಿ. ಸ್ವಚ್ಛತೆ ಶುರುವಾದಾಗಿಂದ ನಂಗೆ ದಿನಾ ಒಂದು ಗಂಟೆ ಕೆಲ್ಸ ಜಾಸ್ತಿ!"

೫. ಬಲ್ಲವರ ಪತ್ರ

ಅರ್ಜಿಯ ಕೊನೆಯಲ್ಲಿ ಒಂದು ಪತ್ರ ಕೇಳಿದ್ದರು. ಪಾಠ ಹೇಳಿದವರೂ ಅಲ್ಲದ, ನೆಂಟರೂ ಅಲ್ಲದ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು ಬರೆದದ್ದು. ಯಾವ ಭಾಷೆಯಲ್ಲಿದ್ದರೂ ಸರಿ, ಜೊತೆಗೆ ಇಂಗ್ಲಿಷ್ ಅನುವಾದ ಇರಬೇಕು. ಅದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದ ಏಳೂ ಅಧ್ಯಕ್ಷರು ಡಾಕ್ಟರು, ವಕೀಲರು, ಬ್ಯಾಂಕ್ ಮ್ಯಾನೇಜರು ಎಂದು ಹಿಡಿದರು. ನಾನೂ ಮಗಳಿಗಾಗಿ ಒಬ್ಬ ನಿವೃತ್ತ ಅಧಿಕಾರಿಯನ್ನು ಗೊತ್ತು ಮಾಡಿದೆ.

"ಅವರು ನನ್ನ ಒಂದು ಸಲಾನೂ ನೋಡಿಲ್ವಲ್ಲಮ್ಮ" ಅಂದಳು.

"ಬರೆಯೋಕೆ ನೋಡಲೇಬೇಕಾ?"

"ಬೇಡ. ನಾನು ಬೇರೆಯವರ ಹತ್ರ ಬರೆಸಿ, ಅನುವಾದ ಮಾಡಿ, ಕಳಿಸಿಯೂ ಆಯ್ತು. ಬಸ್‌ಸ್ಟ್ಯಾಂಡಲ್ಲಿ ಪರಿಚಯದೋರು."

ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಇರಬೇಕು ಅಂದುಕೊಂಡೆ. ಹೇಗೂ ಕಚೇರಿಯ ಸೀಲಾದರೂ ಬಿದ್ದಿರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಖಾಲಿ ಖಾನೆ ಎಂಟೂ ಖಾಲಿಯಾಗಿಯೇ ಹೋದವು. ಬಸ್ಸಿಗೆ ಕಾಯುವುದು ಹಾಗೇ ಉಳಿಯಿತು.

ಆದರೂ ಸಂದರ್ಶನಕ್ಕೆ ಕರೆದರು. ಅದು ವಿಡಿಯೋದಲ್ಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮೇಲಂತಸ್ತಿನ ಮೆತ್ತಿಯ ಕಿಟಕಿಯ ಹತ್ತಿರ ಮಾತ್ರ. ಅವಳು ಅಲ್ಲಿ ಕೂತಳು, ನಾನು ಮೆಟ್ಟಿಲ ಮೇಲೆ ಕಿವಿ ಕೊಟ್ಟು ಕೂತೆ.

"ನೀನು ಯಾವುದಕ್ಕಾದರೂ ಅಧ್ಯಕ್ಷೆಯಾಗಿದ್ದೀಯಾ?" ಮೊದಲ ಪ್ರಶ್ನೆಯೇ ಅದು.

"ಇಲ್ಲ ಸರ್."

ಮುಗಿಯಿತು ಅಂದುಕೊಂಡೆ. ಆಮೇಲೆ ಒಬ್ಬ ಹೆಂಗಸಿನ ದನಿ, "ನಿಮ್ಮ ಊರಿನ ಬಸ್‌ಸ್ಟ್ಯಾಂಡ್ ಎಷ್ಟು ದೊಡ್ಡದು?" ಎಂದು ಕೇಳಿತು.

"ದೊಡ್ಡದೇನಲ್ಲ ಮೇಡಂ."

"ಮತ್ತೆ ಅದಕ್ಕೆ ಏಳು ಅಧ್ಯಕ್ಷರು ಯಾಕೆ ಬೇಕು?"

ಮಗಳು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಆ ಕಡೆ ಮೂರು ಜನ ಒಟ್ಟಿಗೆ ನಕ್ಕದ್ದು ಮಾತ್ರ ಕೇಳಿಸಿತು. ಜೀವಶಾಸ್ತ್ರ ಓದಲು ಹೊರಟವಳ ಹತ್ತಿರ ಅರ್ಧ ಗಂಟೆಯೂ ಕಸದ ಮಾತೇ ಆಯಿತು. ನನಗೆ ಮೆಟ್ಟಿಲ ಮೇಲೇ ಅಳು ಬಂತು. ಆ ಒಂದು ಫೋಟೋ ಬಲವಂತವಾಗಿಯಾದರೂ ತೆಗೆಸಬೇಕಿತ್ತು ಅಂದುಕೊಂಡೆ.

ಒಂದು ತಿಂಗಳಿಗೆ ಉತ್ತರ ಬಂತು. ಸೀಟು ಸಿಕ್ಕಿತ್ತು, ವಿದ್ಯಾರ್ಥಿವೇತನ ಪೂರ್ತಿ. ಆಯ್ಕೆ ಸಮಿತಿಗೆ ನಿನ್ನನ್ನು ಬಲ್ಲವರು ಬರೆದ ಪತ್ರ ವಿಶೇಷವಾಗಿ ಮೆಚ್ಚಿಗೆಯಾಯಿತು ಎಂದು ಒಂದು ಸಾಲು ಬೇರೆ. ನಾನು ಅವಳನ್ನು ತಬ್ಬಿಕೊಂಡು ಅತ್ತು ಮುಗಿಸಿದ ಮೇಲೆ, "ಆ ಕಂಟ್ರೋಲರಿಗೆ ಸ್ವೀಟು ತಗೊಂಡು ಹೋಗೋಣ" ಅಂದೆ.

"ಯಾವ ಕಂಟ್ರೋಲರಮ್ಮ?" ಎಂದು ಮೊಬೈಲಿನಲ್ಲಿ ಪತ್ರ ತೆಗೆದು ಕೊಟ್ಟಳು.

ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ. ದಪ್ಪ ದಪ್ಪ ಅಕ್ಷರ. ಸೀಲೂ ಇಲ್ಲ, ಗೀಲೂ ಇಲ್ಲ. ಕೆಳಗೆ ಅಕ್ಕನ ಸಹಿ. ಇಷ್ಟೇ ಇತ್ತು:

"ಈ ಹುಡುಗಿಯನ್ನು ನಾನು ಎರಡು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಪುಸ್ತಕ ಓದುತ್ತಾ ಕೂತಿರುತ್ತಾಳೆ. ನಾನು ಗುಡಿಸುತ್ತಾ ಹತ್ತಿರ ಬಂದರೆ ಹೇಳದೆಯೇ ಕಾಲು ಎತ್ತಿಕೊಳ್ಳುತ್ತಾಳೆ. ಊಟ ಆಯ್ತಾ ಎಂದು ಕೇಳುತ್ತಾಳೆ. ಬೇರೆ ಮಕ್ಕಳೆಲ್ಲ ಬಂದರೂ ಇವಳು ಮಾತ್ರ ಒಂದು ದಿನವೂ ನನ್ನ ಬಸ್‌ಸ್ಟ್ಯಾಂಡ್ ಸ್ವಚ್ಛ ಮಾಡಲು ಬಂದಿಲ್ಲ. ಇದರಿಂದ ನನಗೆ ತುಂಬಾ ಉಪಕಾರವಾಗಿದೆ. ನಿಮ್ಮ ಕಾಲೇಜಿನಲ್ಲೂ ಹೀಗೇ ಮುಂದುವರಿಯಲಿ ಎಂದು ಹಾರೈಸುತ್ತೇನೆ."